ಒಂದು ಚಪ್ಪಾಳೆ

ಮೂರನೇ ಮಹಡಿಯ ನನ್ನ ಕೋಣೆಯ ಕೆಳಗೆ
ಹತ್ತು ನಿಮಿಷಕ್ಕೊಮ್ಮೆ ಟ್ರಾಮು ತಿರುಗುತ್ತದೆ.
ವುಚ್ ನಗರದ ಹಳೆಯ ಹಳಿ; ತಿರುವಿನಲ್ಲಿ ಹಲ್ಲು ಕಡಿಯುತ್ತದೆ.
ಮೊದಲು ಕಿಟಕಿಗೆ ಗೊತ್ತಾಗುತ್ತದೆ, ಆಮೇಲೆ ಲೋಟಕ್ಕೆ,
ಕೊನೆಗೆ ಸೂಜಿಗೆ.
ರೆಕಾರ್ಡಿನ ಮೇಲೆ ಒಂದು ಗೆರೆ ಹಾರಿ
ಹಾಡಿನದೊಂದು ಎಳೆ ನುಂಗಿ ಮುಂದೆ ಬೀಳುತ್ತದೆ.

ನಾನು ಹೊಲಿಗೆಯಂತ್ರ ರಿಪೇರಿಯವನು.
ನಡುಕ ಅಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ.
ಗಿರಣಿಗಳಿದ್ದ ಕಾಲಕ್ಕೆ ಅಪ್ಪ ನೆಲಕ್ಕೆ ಕಿವಿಯಿಟ್ಟು
ಯಾವ ಸಾಲಿನ ಯಾವ ಮಗ್ಗ ಕುಂಟುತ್ತಿದೆ ಹೇಳುತ್ತಿದ್ದ.
ಆ ಕಿವಿ ನನಗೆ ಬಂತು; ತಾಳ್ಮೆ ಬರಲಿಲ್ಲ.

ಟೆನಿಸ್ ಚೆಂಡು ಸೀಳಿ ನಾಲ್ಕು ಕಾಲಿಗೆ ಬೋರಲು ಹಾಕಿದೆ.
ಹಾಡುವವಳು ದೋಣಿಯಲ್ಲಿ ನಿಂತಂತೆ ತೂಗಾಡಿದಳು.
ಸೈಕಲ್ ಟ್ಯೂಬಿಗೆ ಅರ್ಧ ಗಾಳಿ, ಅದರ ಮೇಲೆ ಹಲಗೆ:
ಮೂರು ದಿನ ಸ್ವರ್ಗ, ನಾಲ್ಕನೇ ರಾತ್ರಿ ಪಂಕ್ಚರು.
ಸ್ಮಶಾನದ ಗೇಟಿನೆದುರು ಕಲ್ಲು ಕೆತ್ತುವ ದಿಯೊನೀಝಿ
ಹೆಸರು ತಪ್ಪಾಗಿ ಕೊರೆದು ಮೂಲೆಗಿಟ್ಟ ಚಪ್ಪಡಿ ಕೊಟ್ಟ.
"ಯಾರೂ ಮಲಗಿಲ್ಲ ಇದರಡಿ, ಹೆದರಬೇಡ."
ಅಕ್ಷರ ಕೆಳಮುಖ ಮಾಡಿ ಮರಳಿನ ಪೆಟ್ಟಿಗೆಯಲ್ಲಿ ಹೂತೆ.
ಬಾಸು ನೆಲಕ್ಕಿಳಿಯಿತು. ಆದರೂ ಟ್ರಾಮು ಟ್ರಾಮೇ.

ಆಗ ಕಣ್ಣಿಗೆ ಬಿತ್ತು ಗ್ಡಾನ್ಸ್ಕಿನವನೊಬ್ಬ ಮಾಡುವ ಸ್ಟ್ಯಾಂಡು.
ಉಕ್ಕಿನ ಮೊಳೆಗಾಲು, ಒಳಗೆ ಸ್ಪ್ರಿಂಗು.
ಬೆಲೆ ಕೇಳಿ ಎರಡು ದಿನ ನನ್ನೊಂದಿಗೇ ಜಗಳವಾಡಿದೆ.
ಮೂರನೇ ದಿನ ಹಳೇ ಪುಸ್ತಕದವನು ಕೈಗಾಡಿ ತಂದ.
ಅಪ್ಪನ ವಿಶ್ವಕೋಶ ಹದಿಮೂರು ಸಂಪುಟ,
ಯಾರೂ ತೆರೆಯದ ಪಶುವೈದ್ಯದ ಬೈಂಡುಗಳು,
ಗೋಡೆಗೆ ತೂಗಿದ್ದ ಅಮ್ಮನ ಕಂಬಳಿಯನ್ನೂ
ಚೌಕಾಸಿ ಮಾಡದೆ ಕೊಟ್ಟೆ.

ಸ್ಟ್ಯಾಂಡು ಬಂತು. ಟ್ರಾಮು ತಿರುಗಿತು. ಲೋಟ ನಡುಗಿತು.
ಸೂಜಿ ಮಾತ್ರ ಕೊಕ್ಕರೆಯ ಹಾಗೆ ಒಂಟಿಗಾಲಲ್ಲಿ ನಿಂತಿತ್ತು.
ಗೆದ್ದೆ ಅಂದುಕೊಂಡೆ. ಆದರೆ ಪಿಟೀಲು ಯಾಕೋ
ತಟ್ಟೆಗೆ ಚಮಚ ಉಜ್ಜಿದ ಹಾಗೆ.
ತಂತಿ ಬದಲಿಸಿದೆ. ಸ್ಪೀಕರನ್ನು ಮೂಲೆಯಿಂದ
ಗೇಣು ಗೇಣಾಗಿ ಎಳೆದು ಸೀಮೆಸುಣ್ಣದ ಗುರುತು ಹಾಕಿದೆ.
ಕುಂಟೆಬಿಲ್ಲೆಯ ಮನೆಗಳಾದವು ನೆಲದ ತುಂಬ.

ಭಾನುವಾರ ಅಕ್ಕ ಹಾಲ್ಷ್ಕಾ ಬಂದಳು.
ಪಿಯಾನೊ ಶ್ರುತಿ ಮಾಡುವವಳು; ಹುಟ್ಟಿನಿಂದ ಕಣ್ಣಿಲ್ಲ.
ಕೋಟು ಬಿಚ್ಚದೆ ಹೊಸ್ತಿಲಲ್ಲೇ ನಿಂತು
ಒಂದು ಚಪ್ಪಾಳೆ ತಟ್ಟಿದಳು. ಒಂದೇ.
ಸದ್ದು ಈ ಗೋಡೆಗೆ ಬಡಿದು, ಆ ಗೋಡೆಗೆ ಬಡಿದು,
ಕಿಟಕಿ ಸಿಗದ ಗುಬ್ಬಿಯ ಹಾಗೆ ಪಟಪಟ ಸುತ್ತಿತು.
"ಪುಸ್ತಕ ಮಾರಿದ್ದೀಯ," ಅಂದಳು.
"ಅಮ್ಮನ ಕಂಬಳಿ ಕೂಡ."
ಗೋಡೆಗೂ ಕಿವಿಯಿದೆ ಅನ್ನುತ್ತಾರೆ.
ಬಾಯಿಯೂ ಇದೆಯೆಂದು ಅವತ್ತು ತಿಳಿಯಿತು.
ನಾನು ಟೀಗೆ ನೀರಿಡಲು ಹೋದೆ.

ಆಮೇಲೆ ಅವಳು ತಟ್ಟುತ್ತ ಹೋದಳು, ನಾನು ಹೊರುತ್ತ ಹೋದೆ:
ಹಾಸಿಗೆಯನ್ನು ಗೋಡೆಗೆ ಒರಗಿಸಿ, ರಜಾಯಿ ಮೂಲೆಗೆ ತುರುಕಿ,
ಅವಳ ಕೋಟನ್ನು ಕುರ್ಚಿಯ ಬೆನ್ನಿಗೆ ತೊಡಿಸಿ.
"ಇನ್ನೂ ಮೊಣಕಾಲೆತ್ತರದಲ್ಲಿ ಗಂಟಲು ಕಟ್ಟಿದೆ," ಅಂದಳು.
ದಿಂಬು ಇಟ್ಟೆ. ಗುಬ್ಬಿ ಕೂತಿತು.

ಅಮ್ಮ ದಿನಾ ಸಂಜೆ ಆರಕ್ಕೆ ಹಾಕುತ್ತಿದ್ದ ರೆಕಾರ್ಡು ಹಾಕಿದೆ.
ಎರಡನೇ ಹಾಡಿನ ಕೊನೆ. ಕೆಳಗೆ ಟ್ರಾಮು ತಿರುಗಿತು.
"ಇಲ್ಲೇ ಹಾರುತ್ತಿತ್ತಲ್ಲ," ಅಂದಳು ಅಕ್ಕ, ಮುಂದೆ ಬಾಗಿ.
ಹಾರಲಿಲ್ಲ.
ನಲವತ್ತು ವರ್ಷ ನಾವು ಕೇಳದ ಆ ಗೆರೆಯಲ್ಲಿ ಇದ್ದದ್ದು ಇಷ್ಟು:
ಹಾಡುವವಳು ಉಸಿರೆಳೆದುಕೊಂಡಳು,
ಅವಳ ಹಿಂದೆ ಯಾರದೋ ಕುರ್ಚಿ ಕಿರ್ರೆಂದಿತು.

ಅಕ್ಕ ಬಹಳ ಹೊತ್ತು ಟೀ ಮುಟ್ಟಲಿಲ್ಲ.

ಮೂರು ರಾತ್ರಿ ಬರಿ ಮಂಚದ ಮೇಲೆ ಮಲಗಿ
ಗುರುವಾರ ಹಳೇ ಪುಸ್ತಕದ ಅಂಗಡಿಗೆ ಹೋದೆ.
ಕಂಬಳಿ ಯಾರೋ ಒಯ್ದಾಗಿತ್ತು, ವಿಶ್ವಕೋಶವೂ.
ಉಳಿದದ್ದು ಪಶುವೈದ್ಯ, ಎಂಟು ಬೈಂಡು, ಎಲ್ಲ ದಪ್ಪ.
ಕೊಟ್ಟದ್ದಕ್ಕೆ ಎರಡರಷ್ಟು ಹೇಳಿದ.
"ಓದುತ್ತೀರಾ ಇದನ್ನು?" ಅಂದ.
"ಇಲ್ಲ," ಅಂದೆ, "ಕೇಳುತ್ತೇನೆ."